ಕಬ್ದಿ ಎಂದರೆ ಎಂತ

ಕಾವೂರು, ಮಂಗಳೂರು
ಶನಿವಾರ, 14 ಜೂನ್ 2025

ಪ್ರೀತಿಯ ಬಾಪಾ,

ಅಸ್ಸಲಾಮು ಅಲೈಕುಂ. ಹೇಗಿದ್ದೀರಿ? ಸೋಹಾರಿನ ಸೆಕೆಯಲ್ಲಿ ದಿನವಿಡೀ ಅಂಗಡಿಯ ಕೌಂಟರಿನಲ್ಲಿ ನಿಂತು ಕಾಲು ಮತ್ತೆ ಬಾತಿದೆಯೋ ಏನೋ, ಕೇಳಿದರೂ ನೀವು ಹೇಳುವವರಲ್ಲ. ಉಮ್ಮ ಚೆನ್ನಾಗಿದ್ದಾರೆ. ನಾನು ನಿಮಗೆ ಫೋನ್ ಮಾಡಿದರೆ ಅವರು ಸ್ಪೀಕರಿಗೆ ಹಾಕಿ ಮನೆಯವರಿಗೆಲ್ಲ ಕೇಳಿಸುತ್ತಾರೆ, ಅದಕ್ಕೇ ಈ ಕಾಗದ. ನಾಳೆ ಅಲ್ಲಿಗೆ ಹೊರಡುವ ಅರ್ಶದ್‌ನ ಕೈಯಲ್ಲಿ ಕಳಿಸುತ್ತೇನೆ.

ಬಾಪಾ, ನನಗೆ ಹೆದರಿಕೆಯಾಗುತ್ತಿದೆ. "ಅರಬಿ ಕಲಿತು ಎಂತ ಮಾಡ್ಲಿಕ್ಕುಂಟು, ಬಿ.ಕಾಂ. ಮಾಡು" ಎಂದು ನೂರ್ ಮುಹಮ್ಮದ್ ಮಾವ ಹೇಳಿದಾಗ ನನ್ನ ಪರ ನಿಂತವರು ನೀವೊಬ್ಬರೇ. ಆಸ್ಪತ್ರೆಯಲ್ಲಿ ದುಭಾಷಿ ಕೆಲಸ ಸಿಕ್ಕಿದ ಮೇಲೆ ಅದೇ ಮಾವ ಮದುವೆಮನೆಗಳಲ್ಲಿ ನನ್ನನ್ನು ಎಲ್ಲರಿಗೂ ತೋರಿಸುತ್ತಾ ತಿರುಗುತ್ತಾರೆ! ಆದರೆ ಕೆಲಸ ಖಾಯಂ ಆಗಲು ಇನ್ನೂ ಹನ್ನೆರಡು ದಿನ ಬಾಕಿ. ಕಾಲೇಜಿನ ಗೆಳತಿ ಜಾಯ್ಸ್ ಜರ್ಮನ್ ಕಲಿತು ಬಿಕರ್ನಕಟ್ಟೆಯಲ್ಲಿ ನರ್ಸುಗಳಿಗೆ ಪಾಠ ಮಾಡುತ್ತಾಳೆ. ಅವಳ ಕ್ಲಾಸಿನಲ್ಲಿ ತಪ್ಪಾದರೆ ಕೆಂಪು ಪೆನ್ನಿನ ಗೀಟು, ಅಷ್ಟೆ. ನನ್ನ ತಪ್ಪನ್ನು ಇನ್ನೊಬ್ಬರ ಮೈ ಅನುಭವಿಸಬೇಕು.

ಮಂಡಿನೋವಿಗೆಂದು ನೀವಿರುವ ಒಮಾನಿನಿಂದಲೇ ಬಂದ ಅಜ್ಜಿಯೊಬ್ಬರು ಗುರುವಾರ ಹೊಟ್ಟೆ ಹಿಡಿದುಕೊಂಡು "ಕಬ್ದಿ, ಕಬ್ದಿ" ಎಂದರು. ಪುಸ್ತಕದಲ್ಲಿ ಅದು ಲಿವರ್. ನಾನು ಗತ್ತಿನಿಂದ "ಲಿವರ್ ನೋವಂತೆ" ಎಂದೆ. ರಕ್ತದ ವರದಿಯಲ್ಲೂ ಏನೋ ಏರುಪೇರಿತ್ತು. ಸೋಮವಾರ ಲಿವರಿಗೆ ಸೂಜಿ ಚುಚ್ಚಿ ಚೂರು ತೆಗೆದು ನೋಡುವುದೆಂದು ಡಾಕ್ಟರ್ ಬರೆದರು. ಇವತ್ತು ಬೆಳಿಗ್ಗೆ ಅಜ್ಜಿ ಇಡ್ಲಿಯ ತಟ್ಟೆ ನೋಡಿದವರೇ ಅದೇ ಮಾತು ಹೇಳಿ ವಾಂತಿ ಮಾಡಿಕೊಂಡರು. ಬಸ್ಸು ಹತ್ತಿದರೆ ಕಬ್ದಿ ಸರಿ ಇರುವುದಿಲ್ಲ ಎಂದು ನೀವು ಒಮ್ಮೆ ಹೇಳಿದ್ದಿರಿ, ನಾನು ನಕ್ಕು ನಿಮ್ಮನ್ನೇ ತಿದ್ದಿದ್ದೆ. ಹಾಗಾದರೆ ಅಲ್ಲಿಯವರ ಬಾಯಲ್ಲಿ ಅದು ಹೊಟ್ಟೆ ತೊಳಸುವುದೇ? ಮಂಡಿಯ ಹೊಸ ಮಾತ್ರೆ ಒಗ್ಗದೆ ಹೀಗಾಗಿದ್ದರೆ? ಅಜ್ಜಿಯನ್ನು ಕೇಳಿದೆ. ನನ್ನ ಪುಸ್ತಕದ ಅರಬಿಯಲ್ಲಿ ಎಂತ ಕೇಳಿದರೂ ಪಾಪ, ಹೌದು ಹೌದು ಎಂದು ತಲೆಯಾಡಿಸುತ್ತಾರೆ. ಡಾಕ್ಟರಿಗೆ ಹೇಳಿದರೆ ನನ್ನ ಕೆಲಸ ಹೋದಂತೆಯೇ. ಹೇಳದಿದ್ದರೆ ಆ ಸೂಜಿ.

ನಿಮ್ಮ ದುಆದಲ್ಲಿ ನನ್ನ ಜೊತೆ ಆ ಅಜ್ಜಿಯನ್ನೂ ಸೇರಿಸಿಕೊಳ್ಳಿ. ಉಮ್ಮ ಸಲಾಂ ಹೇಳಿದ್ದಾರೆ.

ನಿಮ್ಮ ಮಗಳು,
ಝಹ್ರಾ

ಮತ್ತೆ ಸೇರಿಸಿದ್ದು: ಕಾಗದ ಮಡಚಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಹೇಳಿಬಿಟ್ಟೆ. "ಆ ಕಡೆಯ ಮಾತು ಸರಿ ಗೊತ್ತಿರುವವರು ಯಾರಾದ್ರೂ ಇದ್ದಾರಾ?" ಎಂದರು. ನಿಮ್ಮ ನಂಬರ್ ಕೊಟ್ಟಿದ್ದೇನೆ. ಅರ್ಶದ್‌ನನ್ನು ಕಾಯಲು ಸಮಯವಿಲ್ಲ, ಕಾಗದದ ಫೋಟೊ ಕಳಿಸುತ್ತಿದ್ದೇನೆ. ಊರಿನ ಗೊತ್ತಿಲ್ಲದ ನಂಬರ್ ಎಂದು ಬಿಡಬೇಡಿ, ಎತ್ತಿ. ಫೋನನ್ನು ಅಜ್ಜಿಯ ಕೈಗೆ ಕೊಡುತ್ತಾರೆ, ಪಕ್ಕದಲ್ಲಿ ನನ್ನ ಮ್ಯಾನೇಜರೂ ಇರುತ್ತಾರೆ. ನೀವು ನನ್ನನ್ನು ಉಳಿಸಲು ನೋಡುತ್ತೀರಿ, ನನಗೆ ಗೊತ್ತು. ಬೇಡ ಬಾಪಾ. ನಾನು ತಪ್ಪು ಹೇಳಿದ್ದರೆ ತಪ್ಪೆಂದೇ ಹೇಳಿ.