ಅವ್ವನಿಗೆ ಮಗಳಿಲ್ಲ ಎಂದು ಬರೆದುಕೊಟ್ಟವನ ಅಹವಾಲು

ಮಾನ್ಯ ತಹಶೀಲ್ದಾರರೇ,

ನಾನು ನಿಮ್ಮ ಕಚೇರಿಗೆ ಸುಳ್ಳು ಬರೆದುಕೊಟ್ಟಿದ್ದೇನೆ. ಅದನ್ನು ಒಪ್ಪಿಕೊಳ್ಳಲು ನಾಲ್ಕು ಸಲ ಬಂದರೂ ನಿಮ್ಮವರು ಕೇಳಿಸಿಕೊಳ್ಳುತ್ತಿಲ್ಲ. ಆದ್ದರಿಂದ ಊರಿಗೆಲ್ಲ ಗೊತ್ತಾಗುವಂತೆ ಬರೆಯಬೇಕಾಗಿದೆ. ಯಾವ ತಾಲೂಕು ಎಂದು ಹೇಳುವುದಿಲ್ಲ. ಈ ಕಾಫಿ ಸೀಮೆಯಲ್ಲಿ ಓದುವವರು ತಮ್ಮ ತಮ್ಮ ತಾಲೂಕಿನ ಹೆಸರು ತುಂಬಿಕೊಳ್ಳಲಿ.

ನಮ್ಮ ಅವ್ವ ಪಾಪಮ್ಮನ ವರ್ಷದ ತಿಥಿ ಬರುವ ತಿಂಗಳು ಹದಿನಾಲ್ಕಕ್ಕೆ. ಅವಳ ಹೆಸರಿನಲ್ಲಿದ್ದ ಮೂರು ಎಕರೆ ತೋಟವನ್ನು ಮಕ್ಕಳ ಖಾತೆಗೆ ಮಾಡಿಸಲು ವಂಶವೃಕ್ಷ ಬೇಕಾಯಿತು. ಅಣ್ಣ ಶಶಿಧರ್ ಅದನ್ನು ಬರೆಸಿ ಸೀದಾ ಕಣಕ್ಕೇ ತಂದ. ಪಾರ್ಚ್‌ಮೆಂಟ್ ಕಾಫಿ ಬೀಜ ಒಣಗಲು ಹರಡಿದ್ದೆ, ಘಟ್ಟದ ಕಡೆ ಮೋಡ ಕಟ್ಟುತ್ತಿತ್ತು, ಟಾರ್ಪಾಲು ಎಳೆಯುವ ಗಡಿಬಿಡಿ. ಓದದೆ ಸಹಿ ಹಾಕಿದೆ ಎಂದರೆ ಅದು ಎರಡನೆಯ ಸುಳ್ಳಾಗುತ್ತದೆ. ಓದಿದೆ. ಪಾಪಮ್ಮನವರಿಗೆ ಶಶಿಧರ್ ಮತ್ತು ನಂದನ್ ಎಂಬ ಇಬ್ಬರೇ ಮಕ್ಕಳು ಎಂದಿತ್ತು. ನಮ್ಮ ತಂಗಿ ಕವನಾಳ ಹೆಸರಿರಲಿಲ್ಲ.

"ಕವನಾನ ಹೆಸರೆಲ್ಲಿ?" ಎಂದೆ.

"ಅವಳನ್ನ ಸೇರಿಸಿದ್ರೆ ಸಹಿಗೆ ಅವಳ ಗಂಡನ ಮನೆಗೆ, ಕಳಸಕ್ಕೆ ಓಡ್ಬೇಕು ಮಾರಾಯ. ಮದುವೇಲಿ ಕೊಡೋದು ಕೊಟ್ಟಾಗಿದೆ. ಹಾಕು, ಮಳೆ ಬರುತ್ತೆ."

ಹಾಕಿದೆ. ಮಳೆ ಬರಲೇ ಇಲ್ಲ.

ಇನ್ನು ನಿಮ್ಮ ಕಚೇರಿಯ ಜಾಣತನಕ್ಕೆ ಬರುತ್ತೇನೆ. ಅವ್ವ ಕಣ್ಣು ಮುಚ್ಚಿದ್ದು ಕಳಸದಲ್ಲಿ, ಕವನಾಳ ಮನೆಯಲ್ಲಿ. ಮರಣದ ವರದಿ ಕೊಟ್ಟವಳೂ ಅವಳೇ. 'ಮೃತರೊಂದಿಗೆ ಸಂಬಂಧ' ಎಂಬಲ್ಲಿ 'ಮಗಳು' ಎಂದು ಬರೆದು ಸಹಿ ಮಾಡಿದ್ದಾಳೆ. ಅದರ ಪ್ರತಿ ನಿಮ್ಮ ಕಡತದಲ್ಲಿದೆ. ಅದರ ಕೆಳಗಿನ ಹಾಳೆಯೇ ಮಗಳಿಲ್ಲ ಎನ್ನುವ ನಮ್ಮ ಪ್ರಮಾಣಪತ್ರ. ಎರಡಕ್ಕೂ ಒಂದೇ ಗುಂಡುಸೂಜಿ, ಎರಡರ ಮೇಲೂ ನಿಮ್ಮದೇ ಮೊಹರು. ಒಂದು ಹಾಳೆ ತಿರುವಿ ನೋಡುವಷ್ಟೂ ಪುರುಸೊತ್ತಿರಲಿಲ್ಲವೇ ಸ್ವಾಮಿ? ಪಂಚರಾಗಿ ಸಹಿ ಹಾಕಿದ ನಮ್ಮ ನೆರೆಯ ಗುರುವಯ್ಯ, ರೇವಣ್ಣ ಇಬ್ಬರೂ ಅವಳ ಮದುವೆಯಲ್ಲಿ ಎರಡೆರಡು ಸಲ ಹೋಳಿಗೆ ಹಾಕಿಸಿಕೊಂಡವರು. 'ಕುಟುಂಬವನ್ನು ಚೆನ್ನಾಗಿ ಬಲ್ಲೆವು' ಎಂದು ಬರೆದುಕೊಟ್ಟಿದ್ದಾರೆ! ಆಕ್ಷೇಪಣೆ ಕರೆದ ನೋಟಿಸನ್ನು ಪಂಚಾಯಿತಿ ಬೋರ್ಡಿಗೆ ಅಂಟಿಸಿದ್ದರಂತೆ. ಕಳಸದಲ್ಲಿ ಸಂಸಾರ ಮಾಡುವವಳು ವಾರಕ್ಕೊಮ್ಮೆ ನಮ್ಮೂರಿಗೆ ಬಂದು ಬೋರ್ಡು ಓದಿ ಹೋಗಬೇಕಿತ್ತೇನು?

ಕಳೆದ ತಿಂಗಳು ಅವಳು ಮೊಬೈಲಿನಲ್ಲಿ ತೋಟದ ಪಹಣಿ ತೆಗೆದು, ನಮ್ಮಿಬ್ಬರದೇ ಹೆಸರಿರುವುದನ್ನು ನೋಡಿ ಫೋನ್ ಮಾಡಿದಳು. ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತಡವರಿಸುತ್ತಾ, ತಿಥಿಗೆ ಬಾ ಎಂದೆ.

"ಪಾಪಮ್ಮಂಗೆ ಮಗಳೇ ಇಲ್ವಂತಲ್ಲ. ಇಲ್ಲದೋಳು ತಿಥಿಗೆ ಹೆಂಗೆ ಬರ್ಲಿ, ನೀನೇ ಹೇಳಣ್ಣ."

ಅಂದಿನಿಂದ ನಾನು ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಅರ್ಧ ಗಿಡ ಕಸಿ ಮಾಡಿ, ರೆಂಬೆ ಸವರುತ್ತಿದ್ದ ಕತ್ತಿ ಅಲ್ಲೇ ಬಿಟ್ಟು ನಿಮ್ಮ ಕಚೇರಿಗೆ ಓಡಿ ಬರುತ್ತೇನೆ. ನನ್ನ ಬಗ್ಗೆ ನನಗೇ ನಾಚಿಕೆಯಾಗಿದೆ.

ನಿಮ್ಮ ಗುಮಾಸ್ತರ ಉತ್ತರ ಮಾತ್ರ ನಾಲ್ಕು ಸಲವೂ ಒಂದೇ. "ತಕರಾರಿದ್ರೆ ಅವ್ರು ಕೊಡ್ಲಿ. ನಿಮ್ಮ ಹೆಸರು ಬಂದಿದೆಯಲ್ಲ, ನಿಮಗೇನ್ರೀ ಕಷ್ಟ?" ಕದ್ದವನೇ ಮಾಲು ಹೊತ್ತು ಬಂದು ಠಾಣೆಯ ಬಾಗಿಲಲ್ಲಿ ನಿಂತರೆ, ಕಳಕೊಂಡವರನ್ನು ಕರಕೊಂಡು ಬಾ ಎನ್ನುವುದು ಯಾವ ಕಾನೂನು? ಕವನಾ ಅಣ್ಣಂದಿರ ಮೇಲೆ ಅರ್ಜಿ ಹಾಕುವುದಿಲ್ಲ ಎಂದುಬಿಟ್ಟಿದ್ದಾಳೆ. ಶಶಿಧರ್ ಅಣ್ಣನೋ, "ನಿನ್ನ ಪಾಲಲ್ಲಿ ಬೇಕಾದ್ರೆ ಕೊಟ್ಕೋ. ನನ್ನದಕ್ಕೆ ಕೈ ಹಾಕಿದ್ರೆ ನೀನು ನನ್ನ ತಮ್ಮನೇ ಅಲ್ಲ" ಎಂದು ಮಾತು ಬಿಟ್ಟಿದ್ದಾನೆ. ಸಂಬಂಧ ಅಳಿಸುವುದು ನಮ್ಮ ಮನೆಯಲ್ಲಿ ಈಗ ರೂಢಿಯಾಗಿಹೋಗಿದೆ. ನನ್ನ ಪಾಲಿನಲ್ಲಿ ಕೊಟ್ಟರೆ ಅವಳಿಗೆ ನೆಲವೇನೋ ಸಿಗುತ್ತದೆ. ಅವ್ವ ಸಿಗುವುದಿಲ್ಲ.

ಆದ್ದರಿಂದ ಈ ತಪ್ಪೊಪ್ಪಿಗೆಯನ್ನೇ ತಕರಾರೆಂದು ದಾಖಲಿಸಿಕೊಳ್ಳಿ. ಆ ವಂಶವೃಕ್ಷವನ್ನು ರದ್ದು ಮಾಡಿ, ಮೂರು ಹೆಸರಿರುವ ಹೊಸದನ್ನು ಹದಿನಾಲ್ಕರೊಳಗೆ ಕೊಡಿ. ಸುಳ್ಳು ಪ್ರಮಾಣಕ್ಕೆ ಕೇಸು ಹಾಕುವುದಿದ್ದರೆ ಹಾಕಿ, ತಿಥಿಯ ಮರುದಿನ ನಾನೇ ಬಂದು ನಿಲ್ಲುತ್ತೇನೆ. ಅದಕ್ಕೆ ಮೊದಲು ಆ ಕಾಗದ ಹಿಡಿದು ಕಳಸದ ಬಸ್ಸು ಹತ್ತಬೇಕಾಗಿದೆ. ಅದಿಲ್ಲದೆ ಅವಳ ಬಾಗಿಲಲ್ಲಿ ನಿಂತು "ಬಾ ತಂಗಿ" ಎನ್ನುವ ಮುಖ ನನಗಿಲ್ಲ.

ಇಂತಿ,
ತಮ್ಮ ಕಡತದ ಪ್ರಕಾರ ಇಬ್ಬರಲ್ಲಿ ಕಿರಿಯವನು,
ಹೆತ್ತವಳ ಪ್ರಕಾರ ಮೂವರಲ್ಲಿ ನಡುವಿನವನು,
ನಂದನ್