ಫಕೀರಪ್ಪ ಮೇವುಂಡಿಯವರ ಅಂಜಿಕೆ

ಬೆಟಗೇರಿ,
ಇಸವಿ ೨೨೧೯, ಫೆಬ್ರವರಿ ಮೂವತ್ತು, ಮಧ್ಯಾಹ್ನ

ಹಾಕಿ ಆಟಗಾರ ಫಕೀರಪ್ಪ ಮೇವುಂಡಿಯವರನ್ನು ಕಣ್ಣಾರೆ ಕಂಡ ಹಿರಿಯರಿಗೆ, ಅವರ ವಂಶದ ಚೆನ್ನವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ಐದು ದಿನ ಯುಗಾದಿಗೆ ಸೇರುತ್ತವೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು, ಸೊಟ್ಟಗೆ ಕೇಳಿಸಿದರೆ ಕ್ಷಮಿಸಿ. ಈ ಓಲೆ ಹಿಂದಂಚೆಯಲ್ಲಿ ಬರುತ್ತಿದೆ, ಎಂದರೆ ಕಳೆದುಹೋದ ವರ್ಷಗಳಿಗೆ ಕಾಗದ ಒಯ್ಯುವ ಅಂಚೆ. ಒಬ್ಬರಿಗೆ ಜನ್ಮದಲ್ಲಿ ಒಂದೇ ಓಲೆ. ನನ್ನದನ್ನು ಇಂದು ಬಳಸುತ್ತಿದ್ದೇನೆ. ಸಂಜೆ ನಾಲ್ಕಕ್ಕೆ ನನ್ನ ಮೊಮ್ಮಗಳು ಇರಾವತಿ ಮೈದಾನಕ್ಕೆ ಇಳಿಯುತ್ತಾಳೆ, ನನಗೆ ಭಯವಾಗಿದೆ.

ನಮ್ಮಲ್ಲಿ ಮರುಮೈ ತೊಡದೆ ಯಾರೂ ಹಾಕಿ ಆಡುವುದಿಲ್ಲ. ಮರುಮೈ ಎಂದರೆ ನಮ್ಮ ಬೆಟಗೇರಿ ಮಗ್ಗಗಳಲ್ಲೇ ನೇಯುವ ತೆಳುವಾದ ಅಂಗಿ. ನಿಮ್ಮ ಕಾಲದ ದೊಡ್ಡ ಆಟಗಾರರೊಬ್ಬರ ಓಟ, ಮಣಿಕಟ್ಟಿನ ತಿರುವು, ಹೊಡೆತ ಎಲ್ಲವೂ ಅದರ ನೂಲಿನಲ್ಲಿರುತ್ತವೆ. ತೊಟ್ಟವರ ಮೈ ಅವರಂತೆಯೇ ಆಡುತ್ತದೆ. ತಾವಾಗಿ ಆಡುವುದು ನಮ್ಮ ಮಕ್ಕಳಿಗೆ ಮರೆತೇಹೋಗಿದೆ. ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ಓಣಿಯ ತುಂಬ ಮರುಮೈಗಳನ್ನು ಒಣಹಾಕಿರುತ್ತಾರೆ. ಗಾಳಿ ಬೀಸಿದರೆ ಖಾಲಿ ತೋಳುಗಳು ತಾವೇ ಹೊಡೆತಕ್ಕೆ ಏಳುತ್ತವೆ. ಹುಟ್ಟಿದಾಗಿನಿಂದ ನೋಡುತ್ತಿದ್ದರೂ ನನಗೆ ಅದು ರೂಢಿಯಾಗಿಲ್ಲ.

ನಿಮ್ಮ ಕಾಲದ ಆಟದ ಚಿತ್ರಗಳು ನಮಗೆ ಸಿಕ್ಕಿದ್ದು ಬಹಳ ಕಡಿಮೆ. ಮಿಕ್ಕದ್ದನ್ನು ನೂಲಿಗೆ ಆಟ ತುಂಬುವ ಯಂತ್ರ ಜನರ ಮಾತಿನಿಂದ ತುಂಬಿಕೊಂಡಿತು. ಅದಕ್ಕೆ ಉತ್ಪ್ರೇಕ್ಷೆ ಎಂಬುದು ಗೊತ್ತಿಲ್ಲ. ಚೆಂಡು ಅವರ ಕೋಲಿಗೆ ಅಂಟಿಕೊಂಡೇ ಇರುತ್ತಿತ್ತು ಎಂದು ನೀವು ಬಾಯಿತುಂಬ ಹೊಗಳಿದವರ ಮರುಮೈ ತೊಟ್ಟ ಮಕ್ಕಳು ಯಾರಿಗೂ ಚೆಂಡು ಕೊಡುವುದಿಲ್ಲ, ಕೊಡಲು ಬರುವುದೂ ಇಲ್ಲ. ಬರಿಗಾಲಲ್ಲಿ ಆಡಿದವರ ಮರುಮೈ ಬೂಟು ಹಾಕಲು ಬಿಡುವುದಿಲ್ಲ. ನಾವೂ ಮೊದಮೊದಲು ನಕ್ಕೆವು.

ಫಕೀರಪ್ಪನವರನ್ನು ನಾವು ಮುತ್ತಜ್ಜ ಎಂದೇ ಕರೆಯುತ್ತೇವೆ, ನಡುವೆ ಎಷ್ಟು ತಲೆಮಾರು ಕಳೆದವೋ. ಅವರ ಮರುಮೈಗಾಗಿ ಸಾಕ್ಷಿ ಹೇಳಿದವಳು ನಾನೇ. ಮನೆಮಂದಿಯೆಲ್ಲ ಒಟ್ಟಿಗೆ ಸಿಗುತ್ತಾರೆಂದು ಮರುಮೈ ಕಚೇರಿಯ ಸಾಕ್ಷಿ ಬರೆದುಕೊಳ್ಳುವವರು ಮಹಾಲಯ ಅಮಾವಾಸ್ಯೆಯ ದಿನ ಬಂದರು. ಎದುರಿಗೆ ಹಿರಿಯರಿಗಿಟ್ಟ ಹೋಳಿಗೆಯ ಎಡೆ, ಪಕ್ಕದಲ್ಲಿ ಮುತ್ತಜ್ಜನ ಸವೆದ ಹಾಕಿ ಕೋಲು. ಆ ದಿನ ಸತ್ತವರ ಬಗ್ಗೆ ಕುಂದು ಮಾತಾಡುವವರು ಯಾರಿದ್ದಾರೆ? ಅವರಿಗೆ ಅಂಜಿಕೆಯಿತ್ತೇ ಎಂದು ಕೇಳಿದರು. "ಅಂಜಿಕಿ ಅನ್ನೂದು ಅವರ ರಕ್ತದಾಗ ಇರಲಿಲ್ರಿ," ಎಂದುಬಿಟ್ಟೆ. ಮನೆಯವರೆಲ್ಲ ಹೌದೌದೆಂದು ತಲೆಯಾಡಿಸಿದರು.

ಅದು ಸುಳ್ಳು. ನಮ್ಮ ಮನೆಯಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ದಾಟಿ ಬಂದ ಮಾತೇ ಬೇರೆ. ದೇಶದ ತಂಡದಲ್ಲಿ ಹಾಫ್‌ಬ್ಯಾಕ್ ಆಗಿದ್ದ ಮುತ್ತಜ್ಜ ಪ್ರತಿ ಆಟಕ್ಕೂ ಮುಂಚೆ ಗೋಡೆಯ ಮರೆಗೆ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದರಂತೆ. ಹದಿನೇಳರ ವಯಸ್ಸಿನಲ್ಲಿ ಚೆಂಡು ಬಡಿದು ಎರಡು ಹಲ್ಲು ಹೋಗಿದ್ದವು. ಅಂದಿನಿಂದ ಎದುರಾಳಿ ಕೋಲು ಎತ್ತಿದರೆ ಸಾಕು, ಗದ್ದವನ್ನು ಎಡ ಹೆಗಲಿಗೆ ಒತ್ತಿ ಬಗ್ಗಿಬಿಡುತ್ತಿದ್ದರು. ಹಾಗೆ ಬಗ್ಗಿದವರಿಗೆ ಎದುರಾಳಿಯ ಮುಖ ಕಾಣುತ್ತಿರಲಿಲ್ಲ, ಕೋಲಿನ ತುದಿಯಷ್ಟೇ ಕಾಣುತ್ತಿತ್ತು. ಮುಖ ನೋಡಿದವರು ಮೋಸ ಹೋಗುತ್ತಿದ್ದರು. ಚೆಂಡು ಎತ್ತ ಹೊರಟಿದೆಯೆಂದು ಎಲ್ಲರಿಗಿಂತ ಮೊದಲು ಮುತ್ತಜ್ಜನಿಗೆ ತಿಳಿಯುತ್ತಿತ್ತು. ಅವರನ್ನು ದೊಡ್ಡ ಆಟಗಾರರನ್ನಾಗಿ ಮಾಡಿದ್ದು ಆ ಅಂಜಿಕೆಯೇ.

ಯಂತ್ರ ನನ್ನ ಮಾತು ನಂಬಿ ಬಗ್ಗುವುದನ್ನು ಮರುಮೈಯಿಂದ ಕಿತ್ತುಹಾಕಿತು. ಹೋದ ವರ್ಷ ನೆರೆಮನೆಯ ಗುರುಬಾಯಿ ಅದನ್ನು ಎರವಲು ತೊಟ್ಟು ಆಡಿದಳು. ಚೆಂಡು ಮುಖಕ್ಕೇ ಬಂತು. ಅವಳು ಚೀರಿದ್ದು ಮೈದಾನಕ್ಕೆಲ್ಲ ಕೇಳಿಸಿತು, ಕತ್ತು ಮಾತ್ರ ಕದಲಲಿಲ್ಲ. ಈಗ ಅವಳಿಗೆ ಒಂದೇ ಕಣ್ಣು. ಊರವರು ಎಂಥ ಧೈರ್ಯವೆಂದು ಹಾರ ಹಾಕಿದರು. ನಾನು ಬಾಯಿ ಬಿಡಲಿಲ್ಲ.

ಇಂದು ಇರಾವತಿ ತೊಡುವುದೂ ಅದನ್ನೇ. ಬೆಳಿಗ್ಗೆ ಕಚೇರಿಗೆ ಹೋಗಿ ತಪ್ಪೊಪ್ಪಿಕೊಂಡೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಗುಮಾಸ್ತ ಒಳ್ಳೆಯವನು, ಕೂರಿಸಿ ನೀರು ಕೊಟ್ಟ. "ಯವ್ವಾ, ಒಮ್ಮೆ ಹೇಳಿದ ಸಾಕ್ಷಿ ತಿರುಗಿ ತಗೊಳ್ಳಾಕ ಬರೂದಿಲ್ಲ. ಅವರನ್ನ ಕಂಡವರು ಆಗಿನ ಕಾಲದಾಗ ಏನರ ಬರದಿಟ್ಟಿದ್ರ ತೋರಸ್ರಿ, ಮರುಮೈ ತಾನ ಬದಲಾಗ್ತೈತಿ," ಎಂದ. ಮನೆಗೆ ಬಂದು ಇರಾವತಿಗೂ ನಿಜ ಹೇಳಿದೆ. ಅವಳ ಮುಖ ಕೆಂಪಾಯಿತು. "ಆಯಿ, ನನ್ನ ತಡೀಬೇಕಂತ ಮುತ್ತಜ್ಜನ ಹೆಸರ ಕೆಡಸ್ತೀಯೇನು?" ಎಂದಳು.

ಅದಕ್ಕೇ ನಿಮ್ಮನ್ನು ಬೇಡುತ್ತಿದ್ದೇನೆ. ಆ ಗೋಡೆಯ ಹಿಂದೆ ನಿಮ್ಮಲ್ಲಿ ಯಾರಾದರೊಬ್ಬರು ತಂಬಿಗೆ ನೀರು ಹಿಡಿದು ನಿಂತಿರಲೇಬೇಕು. ಕಂಡದ್ದನ್ನು ಬರೆದು, ತಾರೀಖು ಹಾಕಿ, ಊರ ವಾಚನಾಲಯಕ್ಕೆ ಕೊಡಿ. ದಯವಿಟ್ಟು ಹೊಗಳಬೇಡಿ. ಫಕೀರಪ್ಪ ಅಂಜುತ್ತಿದ್ದರು, ಬಗ್ಗುತ್ತಿದ್ದರು ಎಂಬ ಒಂದು ಸಾಲು ಸಾಕು. ನೀವು ಬರೆಯುವುದಾದರೆ, ಈ ಓಲೆ ಅಂಚೆ ಪೆಟ್ಟಿಗೆಗೆ ಬಿದ್ದ ಕೂಡಲೇ ಆ ಸಾಲು ಇಲ್ಲಿ ಮೂಡುತ್ತದೆ, ಮರುಮೈ ಬದಲಾಗುತ್ತದೆ.

ಬರೆಯುತ್ತ ಮೂರೂವರೆಯಾಯಿತು. ಇರಾವತಿ ಮರುಮೈ ತೊಟ್ಟು ಹಿತ್ತಿಲಲ್ಲಿ ನಿಂತಿದ್ದಳು. ಈಗಷ್ಟೇ ಹೋಗಿ, ಹೇಳದೆ ಕೇಳದೆ, ಅವಳ ಮುಖದತ್ತ ಒಂದು ಲಿಂಬೆಹಣ್ಣು ಎಸೆದೆ. ಅವಳ ಕಣ್ಣುಗಳು ಅಂಜಿ ಮುಚ್ಚಿಕೊಂಡವು. ಕತ್ತು ನೆಟ್ಟಗೇ ಇತ್ತು. ಹಣ್ಣು ಹಣೆಗೆ ಬಡಿದು ಕೆಳಗೆ ಬಿತ್ತು. ಆಗ ಮೊದಲ ಸಲ ಅವಳು ನನ್ನನ್ನು ನಂಬಿದಂತೆ ನೋಡಿದಳು, ಆದರೆ ಅವಳ ಕಾಲುಗಳು ಆಗಲೇ ಮೈದಾನದತ್ತ ನಡೆಯತೊಡಗಿದ್ದವು.

ಪೆಟ್ಟಿಗೆಯ ಕಡೆ ಓಡುತ್ತಿದ್ದೇನೆ. ಬರೆಯಿರಿ.

ಚೆನ್ನವ್ವ ಮೇವುಂಡಿ