ಹಾಸನದಿಂದ ಬಂದ ಕರಿ ಪ್ಲೇಟು

ಹಳೇಕೋಟೆ
೧೯-೨-೧೯೫೬

ನಮ್ಮ ಚೆಲುವಿಯ ಅಪ್ಪನವರಿಗೆ, ಮಲ್ಲಿಗಮ್ಮ ಮಾಡುವ ನಮಸ್ಕಾರ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಹಾಸನದಲ್ಲಿ ನೀವೂ ನಿಮ್ಮ ಬ್ಯಾಂಡ್‌ಸೆಟ್ಟಿನವರೂ ಕ್ಷೇಮವೆಂದು ನಂಬಿದ್ದೇನೆ. ಇದನ್ನು ನಿಮಗೆ ಓದಿ ಹೇಳುವವರು ನಿಮ್ಮ ಸೆಟ್ಟಿನ ಪುಟ್ಟರಾಜಣ್ಣನೇ ಅಲ್ಲವೇ? ಹಾಗಾಗಿ ಗಂಡನಿಗೆ ಬರೆಯುವ ಮಾತನ್ನೆಲ್ಲ ಬರೆಯುವ ಹಾಗಿಲ್ಲ. ಪುಟ್ಟರಾಜಣ್ಣ, ನಗಬೇಡಿ, ಮುಂದೆ ಓದಿ.

ನೀವು ಬಸ್ಸಿನಲ್ಲಿ ಕೊಟ್ಟು ಕಳಿಸಿದ ಗ್ರಾಮಫೋನ್ ಪ್ಲೇಟು ಒಡೆಯದೆ ಬಂತು. ಜೊತೆಗೆ ಎರಡು ಸಾಲು ಬರೆಸಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಬಾಣಂತಿಯನ್ನು ಐದನೇ ತಿಂಗಳಿಗೆ ಗಂಡನ ಮನೆಯವರು ಬಂದು ಕರೆದುಕೊಂಡು ಹೋಗುವುದು ನಮ್ಮಲ್ಲಿ ರೂಢಿ. ಚೆಲುವಿಗೆ ಎಂಟು ತಿಂಗಳು ತುಂಬಿತು. ಕರೆಯದೆ ನಾನೇ ಬಸ್ಸು ಹತ್ತಿದರೆ ಅವ್ವ ಕೇರಿಯಲ್ಲಿ ತಲೆ ಎತ್ತುವಂತಿಲ್ಲ. ಕರೆಯಲು ಬರಬೇಕಾದವರು ಪ್ಲೇಟು ಕಳಿಸಿದ್ದೀರಿ. ಇದು ಬಾ ಎಂದೋ, ಅಲ್ಲೇ ಇರು ಎಂದೋ?

ಪ್ಲೇಟು ತಂದ ಕಂಡಕ್ಟರು ನಿಮ್ಮ ಮಾತನ್ನು ಅರ್ಧ ಮರೆತಿದ್ದ. ಕಾಫಿ ತೋಟದ ದೊರೆ ಊರು ಬಿಡುವಾಗ ನಿಮಗೆ ಕೊಟ್ಟನಂತೆ. ಊದಿರುವುದು ಅಮೆರಿಕದ ಒಬ್ಬ ಕರಿಯನಂತೆ, ನಿಮ್ಮ ಕೈಯಲ್ಲಿರುವಂಥದೇ ಸ್ಯಾಕ್ಸೋಫೋನಂತೆ. ಆ ದೇಶದಲ್ಲಿ ಅವರನ್ನೂ ನಮ್ಮ ಹಾಗೆ ದೂರ ನಿಲ್ಲಿಸುತ್ತಾರಂತೆ. ಇಷ್ಟು ಹೇಳಿ ಸೀಟಿ ಊದಿ ಹೊರಟೇಬಿಟ್ಟ.

ಈ ಊರಲ್ಲಿ ಗ್ರಾಮಫೋನ್ ಇರುವುದು ಪಂಚಾಕ್ಷರಯ್ಯ ಮೇಷ್ಟ್ರ ಮನೆಯಲ್ಲಿ. ಒಳಗೆ ಕರೆಯಲಿಲ್ಲ, ಪೆಟ್ಟಿಗೆಯನ್ನೇ ಜಗಲಿಯ ಅಂಚಿಗೆ ತಂದಿಟ್ಟರು. ಮಗುವನ್ನೆತ್ತಿಕೊಂಡು ನಾನು, ಅಪ್ಪ ಅಂಗಳದಲ್ಲಿ ನಿಂತೆವು. ಮೊದಲು ಕುಣಿಯುವ ಹಾಗೆ ಶುರುವಾಯಿತು. ಆಮೇಲೆ ಆ ಪುಣ್ಯಾತ್ಮ ಒಂದೇ ಸ್ವರ ಹಿಡಿದು ಅರಚಿದ, ಅರಚಿದ, ಕರು ಕಳೆದುಕೊಂಡ ಎಮ್ಮೆಯ ಹಾಗೆ. ಹಿಂದೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಅಳುವವನಿಗೆ ಯಾರಾದರೂ ಚಪ್ಪಾಳೆ ತಟ್ಟುತ್ತಾರೆಯೇ? ಸೌದೆ ಹೊತ್ತು ಬರುತ್ತಿದ್ದ ನಮ್ಮ ಕೇರಿಯ ಬೆಟ್ಟಮ್ಮತ್ತೆ, ಮೇಷ್ಟ್ರ ಮನೆಯಲ್ಲಿ ಯಾರೋ ಹೋದರೆಂದು ಹೊರೆ ಎಸೆದು ಬಾಯಿ ಬಡಿದುಕೊಳ್ಳುತ್ತ ಓಡಿಬಂದಳು. ಬೀದಿಯ ನಾಯಿಗಳೆಲ್ಲ ಊಳಿಟ್ಟವು, ಪಕ್ಕದ ಮನೆಯ ಕೂಸು ಎದ್ದು ಕಿರುಚಿತು. ನಮ್ಮ ಚೆಲುವಿ ಮಾತ್ರ ನನ್ನ ಹೆಗಲ ಮೇಲೆ ಹಾಯಾಗಿ ಮಲಗಿದ್ದಳು, ಜಾಣೆ.

ಊರಿನ ಸಾವಿಗೂ ಮದುವೆಗೂ ತಮಟೆ ಬಡಿದೇ ಅಪ್ಪನ ಕೂದಲು ಹಣ್ಣಾದದ್ದು. ಯಾವ ಏಟು ಯಾತಕ್ಕೆಂದು ಹೊಲದಾಚೆಯಿಂದಲೇ ಹೇಳುವವರು. ಅವರು ಮೇಷ್ಟ್ರನ್ನು ಬೇಡಿಕೊಂಡು ಪ್ಲೇಟನ್ನು ಮತ್ತೊಮ್ಮೆ ಹಾಕಿಸಿದರು. ಕೇಳಿ ಮುಗಿಸಿ, "ಇದು ಸಾವಿಂದೂ ಅಲ್ಲ, ಮದ್ವೇದೂ ಅಲ್ಲ ಕಣವ್ವ. ಯಾತುಕ್ಕೆ ಕರೀತಾವ್ನೆ ನಿನ್ ಗಂಡ?" ಎಂದರು. ಅವರಿಗೇ ತಿಳಿಯದ್ದು ನನಗೆ ತಿಳಿಯುತ್ತದೆಯೇ?

ಅಂದಿನಿಂದ ನನಗೆ ತಲೆಯೇ ಓಡುತ್ತಿಲ್ಲ. ಬಂದು ಕರೆದುಕೊಂಡು ಹೋಗಿ. ಆದರೆ ಈಗ ಮದುವೆಗಳ ಕಾಲ, ಕೆಲಸ ಬಿಟ್ಟು ಬರುವುದು ಬೇಡ. ಇಲ್ಲ, ಬನ್ನಿ, ನಿಮ್ಮನ್ನು ನೋಡಬೇಕೆಂದು ಜೀವ ಎಳೆಯುತ್ತದೆ. ಅವಸರವೇನೂ ಇಲ್ಲ. ಮಗಳಿಗೂ ಸ್ಯಾಕ್ಸೋಫೋನ್ ಕಲಿಸುತ್ತೇನೆಂದು ಹೋದ ಸಲ ಹೇಳಿ ಕಳಿಸಿದ್ದಿರಿ. ಆ ಮಾತು ಈಗ ಯಾಕೆ, ಇನ್ನೂ ಎಳೆಗೂಸು.

ಬಾ ಎಂದರೂ ಇರು ಎಂದರೂ ನಿಮ್ಮವಳೇ,
ಮಲ್ಲಿಗಮ್ಮ

ಬರೆಯದೆ ಬಿಟ್ಟದ್ದು: ಪುಟ್ಟರಾಜಣ್ಣ, ಇಲ್ಲಿಂದ ಮುಂದೆ ಬಾಯಿ ಬಿಟ್ಟು ಓದಬೇಡಿ. ಆ ದಿನ ಚೆಲುವಿ ಮಲಗಿರಲಿಲ್ಲ. ಕಣ್ಣು ಬಿಟ್ಟುಕೊಂಡು ನನ್ನ ಸರದ ಮಣಿ ಎಳೆಯುತ್ತಿದ್ದಳು. ಪೆಟ್ಟಿಗೆಯ ಕಡೆ ತಿರುಗಲೇ ಇಲ್ಲ. ಮಾರನೆಯ ದಿನ ಅಪ್ಪ ಅವಳ ಬೆನ್ನ ಹಿಂದೆ ನಿಂತು ತಮಟೆ ಬಡಿದರು. ಬೆರಳು ಚೀಪುತ್ತ ಸುಮ್ಮನೆ ಕೂತಿದ್ದಳು. ಅಪ್ಪ ತಮಟೆ ಕೆಳಗಿಟ್ಟು ಅತ್ತರು. ಈ ಸಂಗತಿಯನ್ನು ಚೆಲುವಿಯ ಅಪ್ಪನವರಿಗೆ ನೀವೇ ಹೇಳಿಬಿಡಿ. ಬೇಡ, ಹೇಳಬೇಡಿ, ಬಂದು ಮಗಳನ್ನು ಎತ್ತಿಕೊಳ್ಳಲಿ, ಆಮೇಲೆ ತಿಳಿಯಲಿ. ಬರುವಾಗ ಸ್ಯಾಕ್ಸೋಫೋನ್ ತರದ ಹಾಗೆ ಮಾತ್ರ ನೋಡಿಕೊಳ್ಳಿ.